ಬಾಕ್ಸಿಂಗ್‌ನಲ್ಲಿ ಗೆಲುವು ಎಂದರೇನು? ಬಾಜಿಗೆ ಮೊದಲು ತಿಳಿಯಬೇಕಾದ ನಿಯಮಗಳು

2021ರ ಜುಲೈ 29ರಂದು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮೇರಿ ಕೋಮ್ ಕೊಲಂಬಿಯಾದ ಇಂಗ್ರಿಟ್ ವಲೆನ್ಸಿಯಾ ಎದುರು ಸೋತರು. ಮೂರು ಸುತ್ತಿನ ಪಂದ್ಯ, ಐವರು ತೀರ್ಪುಗಾರರು. ಮೊದಲ ಸುತ್ತನ್ನು ನಾಲ್ವರು ವಲೆನ್ಸಿಯಾಗೆ ಕೊಟ್ಟರು. ಎರಡನೆಯ ಮತ್ತು ಮೂರನೆಯ ಸುತ್ತುಗಳಲ್ಲಿ ತಲಾ ಮೂವರು ಮೇರಿ ಪರ ನಿಂತರು. ಮೂರರಲ್ಲಿ ಎರಡು ಸುತ್ತು ಗೆದ್ದವರು ಪಂದ್ಯ ಸೋತದ್ದು ಹೇಗೆಂದು ಅಂದು ಟಿ.ವಿ. ಮುಂದೆ ಕುಳಿತ ಸಾವಿರಾರು ಜನ ಕೇಳಿದರು. ಮೇರಿ ಕೂಡ ತಾವೇ ಗೆದ್ದೆವೆಂದುಕೊಂಡು ರಿಂಗ್‌ನಿಂದ ಇಳಿದಿದ್ದರು. ನಿಯಮದ ಕಣ್ಣಿನಿಂದ ನೋಡಿದರೆ ಇದರಲ್ಲಿ ಗೋಜಲೇನೂ ಇಲ್ಲ. ಬಾಕ್ಸಿಂಗ್‌ನಲ್ಲಿ ಸುತ್ತುಗಳ ಬಹುಮತವನ್ನು ಯಾರೂ ಎಣಿಸುವುದಿಲ್ಲ. ಪ್ರತಿ ತೀರ್ಪುಗಾರ ತನ್ನ ಹಾಳೆಯಲ್ಲಿ ಮೂರೂ ಸುತ್ತುಗಳ ಅಂಕ ಕೂಡಿಸುತ್ತಾನೆ, ಹೆಚ್ಚು ಹಾಳೆಗಳಲ್ಲಿ ಮುಂದಿರುವವರು ಗೆದ್ದಂತೆ. ಐದು ಹಾಳೆ, ಮೂರು ಸುತ್ತು ಎಂದರೆ ಒಟ್ಟು 15 ನಿರ್ಣಯಗಳು. ಅವುಗಳಲ್ಲಿ 8 ವಲೆನ್ಸಿಯಾ ಕಡೆಗಿದ್ದವು, 7 ಮೇರಿ ಕಡೆಗೆ. ಕೊನೆಗೆ ಮೂರು ಹಾಳೆಗಳು ವಲೆನ್ಸಿಯಾ ಹೆಸರು ಹೇಳಿದವು, ಎರಡು ಮೇರಿ ಹೆಸರು.

ಬಾಕ್ಸಿಂಗ್ ಮೇಲೆ ಬಾಜಿ ಕಟ್ಟುವ ಆಸೆ ಹೊತ್ತವರು ಮೊದಲು ಅರ್ಥ ಮಾಡಿಕೊಳ್ಳಬೇಕಾದ ಸಂಗತಿ ಇದರಲ್ಲೇ ಇದೆ. ಯಾರು ಚೆನ್ನಾಗಿ ಕಾದಾಡುತ್ತಾರೆ ಎಂಬುದರ ಮೇಲೆ ಹಣ ಕಟ್ಟುತ್ತಿದ್ದೇವೆ ಎಂದು ಹೊಸಬರು ಭಾವಿಸುತ್ತಾರೆ. ಹಣ ಬರುವುದೋ ಹೋಗುವುದೋ ನಿರ್ಧಾರವಾಗುವುದು ಮಾತ್ರ ಕೊನೆಯಲ್ಲಿ ಅಧಿಕೃತವಾಗಿ ಘೋಷಣೆಯಾಗುವ ಒಂದು ಪದದಿಂದ: ನಾಕೌಟ್, ಟೆಕ್ನಿಕಲ್ ನಾಕೌಟ್, ಸ್ಪ್ಲಿಟ್ ಡಿಸಿಷನ್, ಡ್ರಾ, ನೋ ಕಾಂಟೆಸ್ಟ್. ಪ್ರತಿ ಪದದ ಹಿಂದೆ ಒಂದು ನಿಯಮವಿದೆ, ಆ ನಿಯಮವನ್ನು ಅನ್ವಯಿಸುವ ಒಬ್ಬ ಮನುಷ್ಯನಿದ್ದಾನೆ. ಈ ಪದಗಳನ್ನು ಬಲ್ಲವರಿಗೆ ಆಟ ಎರಡು ಪಟ್ಟು ಸೊಗಸಾಗಿ ಕಾಣುತ್ತದೆ. ಬಾಜಿ ಎಂಬುದು ಎಷ್ಟು ದುಬಾರಿ ಸರಕು ಎಂಬುದೂ ಅವರಿಗೇ ಸ್ಪಷ್ಟವಾಗಿ ಕಾಣುತ್ತದೆ. ನಿಯಮ ಕಲಿತಷ್ಟೂ ಹಣ ಕಟ್ಟಲು ಕೈ ಹಿಂದೆಗೆಯಬೇಕು ಎಂಬುದು ಈ ಲೇಖನದ ವಾದ. ಅದಕ್ಕೆ ಪುರಾವೆಗಳನ್ನು ಆಟದ ಚರಿತ್ರೆಯೇ ಒದಗಿಸುತ್ತದೆ.

ಮೊದಲು ಚೌಕಟ್ಟು. ಇಂದಿನ ಬಾಕ್ಸಿಂಗ್‌ಗೆ ತಳಪಾಯ ಹಾಕಿದ್ದು 1867ರಲ್ಲಿ ಪ್ರಕಟವಾದ ಕ್ವೀನ್ಸ್‌ಬೆರಿ ನಿಯಮಗಳು. ಬರೆದವರು ಜಾನ್ ಗ್ರಹಾಂ ಚೇಂಬರ್ಸ್, ಹೆಸರು ಮಾತ್ರ ಕ್ವೀನ್ಸ್‌ಬೆರಿಯ ಮಾರ್ಕ್ವಿಸ್‌ನದು. ಗ್ಲೌಸ್ ಕಡ್ಡಾಯ, ಸುತ್ತಿಗೆ ಮೂರು ನಿಮಿಷ, ನಡುವೆ ಒಂದು ನಿಮಿಷ ವಿಶ್ರಾಂತಿ, ಬಿದ್ದವನು ಏಳಲು ಹತ್ತು ಸೆಕೆಂಡ್ ಎಂಬ ಅಳತೆಗಳೆಲ್ಲ ಅಲ್ಲಿಂದ ಬಂದವು. ಒಲಿಂಪಿಕ್ಸ್ ಮಾದರಿಯ ಪಂದ್ಯಗಳಲ್ಲಿ ಮೂರು ಸುತ್ತು, ಐವರು ತೀರ್ಪುಗಾರರು. ವೃತ್ತಿಪರ ಬಾಕ್ಸಿಂಗ್‌ನಲ್ಲಿ ರಿಂಗ್ ಬದಿಗೆ ಮೂವರು ತೀರ್ಪುಗಾರರು, ಸುತ್ತುಗಳು ನಾಲ್ಕರಿಂದ ಹನ್ನೆರಡರವರೆಗೆ. ಮಹಿಳೆಯರ ವೃತ್ತಿಪರ ಪಂದ್ಯಗಳಲ್ಲಿ ಸಾಮಾನ್ಯವಾಗಿ ಎರಡು ನಿಮಿಷದ ಸುತ್ತು, ಗರಿಷ್ಠ ಹತ್ತು. ವಿಶ್ವ ಪಟ್ಟದ ಪಂದ್ಯ ಒಂದು ಕಾಲಕ್ಕೆ 15 ಸುತ್ತು ನಡೆಯುತ್ತಿತ್ತು. 1982ರ ನವೆಂಬರ್‌ನಲ್ಲಿ ರೇ ಮಂಚಿನಿ ಎದುರು 14ನೇ ಸುತ್ತಿನಲ್ಲಿ ಕುಸಿದ ಕೊರಿಯಾದ ಕಿಮ್ ಡುಕ್-ಕೂ ಕೆಲವೇ ದಿನಗಳಲ್ಲಿ ತೀರಿಕೊಂಡ ಮೇಲೆ ಅದು ಹನ್ನೆರಡಕ್ಕೆ ಇಳಿಯಿತು. ತೂಕದ ವರ್ಗಗಳು ವೃತ್ತಿಪರರಲ್ಲಿ ಸಾಂಪ್ರದಾಯಿಕವಾಗಿ 17. ಪಟ್ಟ ಕೊಡುವ ಪ್ರಮುಖ ಸಂಸ್ಥೆಗಳು ನಾಲ್ಕು: ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್, ಡಬ್ಲ್ಯುಬಿಒ. ಹೀಗಾಗಿ ಒಂದೇ ತೂಕಕ್ಕೆ ನಾಲ್ವರು ಚಾಂಪಿಯನ್ನರು ಇರುವುದು ಮಾಮೂಲು. ನಾಲ್ಕೂ ಬೆಲ್ಟ್ ಒಬ್ಬನ ಬಳಿ ಇದ್ದರೆ ಅವನು ಅನ್‌ಡಿಸ್ಪ್ಯೂಟೆಡ್. ಇನ್ನು ಗುದ್ದುಗಳ ಹೆಸರು. ಜ್ಯಾಬ್ ಎಂದರೆ ಮುಂದಿನ ಕೈಯ ನೇರ ಗುದ್ದು, ಕ್ರಾಸ್ ಹಿಂದಿನ ಕೈಯದು, ಹುಕ್ ಪಕ್ಕದಿಂದ ಬಳಸಿ ಬರುವಂಥದು, ಅಪ್ಪರ್‌ಕಟ್ ಕೆಳಗಿನಿಂದ ಗದ್ದದತ್ತ ಏರುವಂಥದು. ಎಡಗಾಲು ಮುಂದಿಟ್ಟು ನಿಲ್ಲುವವನು ಆರ್ಥೊಡಾಕ್ಸ್, ಬಲಗಾಲು ಮುಂದಿಡುವವನು ಸೌತ್‌ಪಾ. ಈ ಪದಗಳನ್ನು ಎರಡು ಪಂದ್ಯ ನೋಡಿದರೆ ಯಾರಾದರೂ ಕಲಿಯುತ್ತಾರೆ.

ಕಲಿಯಲು ಕಷ್ಟವಿರುವುದು ಅಂಕದ ಪದ್ಧತಿ. ಸುತ್ತು ಗೆದ್ದವನಿಗೆ 10 ಅಂಕ, ಸೋತವನಿಗೆ 9. ಒಮ್ಮೆ ಕೆಳಗೆ ಬಿದ್ದವನು ಸಾಮಾನ್ಯವಾಗಿ ಇನ್ನೊಂದು ಅಂಕ ಕಳೆದುಕೊಳ್ಳುತ್ತಾನೆ, ಸುತ್ತು 10–8 ಆಗುತ್ತದೆ. ಎರಡು ಬಾರಿ ಬಿದ್ದರೆ 10–7. ನಿಯಮಭಂಗಕ್ಕೆ ರೆಫರಿ ಪ್ರತ್ಯೇಕವಾಗಿ ಅಂಕ ಕಡಿತ ಮಾಡಿಸಬಹುದು. ಸುತ್ತು ಯಾರು ಗೆದ್ದರು ಎಂದು ಅಳೆಯಲು ನಾಲ್ಕು ಮಾನದಂಡ ಹೇಳುತ್ತಾರೆ: ಸ್ಪಷ್ಟವಾಗಿ ತಗುಲಿದ ಗುದ್ದುಗಳು, ಪರಿಣಾಮಕಾರಿ ಆಕ್ರಮಣ, ರಿಂಗ್ ಮೇಲಿನ ಹಿಡಿತ, ರಕ್ಷಣೆ. ಈ ನಾಲ್ಕರಲ್ಲಿ ಯಾವುದಕ್ಕೆ ಎಷ್ಟು ತೂಕ ಎಂಬುದು ತೀರ್ಪುಗಾರನ ಮನಸ್ಸಿಗೆ ಬಿಟ್ಟದ್ದು. ಮುನ್ನುಗ್ಗಿ ಬಂದು ಹತ್ತು ಗುದ್ದು ಗಾಳಿಗೆ ಬೀಸಿದವನು ಒಬ್ಬನಿಗೆ ಆಕ್ರಮಣಕಾರಿಯಾಗಿ ಕಾಣುತ್ತಾನೆ. ಹಿಂದೆ ಸರಿಯುತ್ತಲೇ ಮೂರು ಜ್ಯಾಬ್ ತಗುಲಿಸಿದವನು ಇನ್ನೊಬ್ಬನಿಗೆ ಚತುರನಾಗಿ ಕಾಣುತ್ತಾನೆ. ಕೂದಲೆಳೆಯಲ್ಲಿ ಗೆದ್ದ ಸುತ್ತಿಗೂ ಎದುರಾಳಿಯನ್ನು ಬೀಳಿಸದೆ ಪೂರ್ತಿ ಆಳಿದ ಸುತ್ತಿಗೂ ಸಿಗುವುದು ಅದೇ 10–9. ಹೀಗಾಗಿ ಐದು ಸುತ್ತು ಬಾರಿಸಿ ಗೆದ್ದು ಏಳು ಸುತ್ತು ಸ್ವಲ್ಪದರಲ್ಲಿ ಸೋತವನು ಪಂದ್ಯವನ್ನೇ ಸೋಲುತ್ತಾನೆ. ಟಿ.ವಿ.ಯಲ್ಲಿ ನೋಡಿದವರಿಗೆ ಅನ್ಯಾಯವೆನಿಸುವ ಹಲವು ಫಲಿತಾಂಶಗಳು ಈ ಲೆಕ್ಕದ ಪ್ರಕಾರ ಸರಿಯಾಗಿಯೇ ಇರುತ್ತವೆ.

ಎಲ್ಲವೂ ಸರಿಯಾಗಿರುತ್ತವೆ ಎನ್ನುವಂತಿಲ್ಲ. 2017ರ ಸೆಪ್ಟೆಂಬರ್ 16ರಂದು ಲಾಸ್ ವೇಗಸ್‌ನಲ್ಲಿ ಕನೆಲೊ ಆಲ್ವಾರೆಸ್ ಮತ್ತು ಗೆನ್ನಡಿ ಗೊಲೊವ್ಕಿನ್ ಹನ್ನೆರಡು ಸುತ್ತು ಕಾದಾಡಿದರು. ಒಬ್ಬ ತೀರ್ಪುಗಾರನ ಲೆಕ್ಕ ಗೊಲೊವ್ಕಿನ್ ಪರ 115–113, ಎಂದರೆ ಏಳು ಸುತ್ತು ಅವರಿಗೆ. ಇನ್ನೊಬ್ಬರದು 114–114. ಮೂರನೆಯವರ ಹಾಳೆಯಲ್ಲಿ ಕನೆಲೊ ಪರ 118–110, ಎಂದರೆ ಹನ್ನೆರಡರಲ್ಲಿ ಹತ್ತು ಸುತ್ತು. ಒಂದೇ ರಾತ್ರಿ, ಒಂದೇ ರಿಂಗ್, ತರಬೇತಾದ ಮೂರು ಜೊತೆ ಕಣ್ಣು, ಫಲಿತಾಂಶ ಡ್ರಾ. 1999ರ ಮಾರ್ಚ್ 13ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಲೆನಾಕ್ಸ್ ಲೂಯಿಸ್ 348 ಗುದ್ದು ತಗುಲಿಸಿದರೆ ಇವಾಂಡರ್ ಹೋಲಿಫೀಲ್ಡ್ ತಗುಲಿಸಿದ್ದು 130 ಎಂದು ಕಂಪ್ಯೂಬಾಕ್ಸ್ ಎಣಿಕೆ ಹೇಳಿತು. ಅದೂ ಡ್ರಾ ಆಯಿತು. 2004ರ ಮೇ 8ರ ಪ್ರಸಂಗ ಇನ್ನೂ ವಿಚಿತ್ರ. ಮ್ಯಾನಿ ಪಕಿಯಾವೊ ಮೊದಲ ಸುತ್ತಿನಲ್ಲೇ ಹುವಾನ್ ಮ್ಯಾನುಯೆಲ್ ಮಾರ್ಕೆಸ್‌ರನ್ನು ಮೂರು ಬಾರಿ ಬೀಳಿಸಿದರು. ಇಬ್ಬರು ತೀರ್ಪುಗಾರರು 10–6 ಬರೆದರು, ಒಬ್ಬರು 10–7. ಆ ಒಬ್ಬರ ಅಂತಿಮ ಲೆಕ್ಕ 113–113 ಬಂತು. ಉಳಿದ ಇಬ್ಬರು ತಲಾ ಒಬ್ಬರ ಪರ ಇದ್ದುದರಿಂದ ಪಂದ್ಯ ಡ್ರಾ. 10–6 ಬರೆದಿದ್ದರೆ ಪಕಿಯಾವೊ ಗೆಲ್ಲುತ್ತಿದ್ದರು. ಅದು ತಮ್ಮ ತಪ್ಪೆಂದು ಆ ತೀರ್ಪುಗಾರರೇ ಒಪ್ಪಿಕೊಂಡರು, ಫಲಿತಾಂಶ ಮಾತ್ರ ಬದಲಾಗಲಿಲ್ಲ. ಬಾಕ್ಸರ್ ಬಲದ ಬಗ್ಗೆ, ಅಭ್ಯಾಸದ ಬಗ್ಗೆ, ಹಿಂದಿನ ದಾಖಲೆಯ ಬಗ್ಗೆ ಎಷ್ಟು ಓದಿದ್ದರೂ ಒಬ್ಬ ತೀರ್ಪುಗಾರ ಒಂದು ಅಂಕ ತಪ್ಪು ಬರೆಯುತ್ತಾನೆಂದು ಮೊದಲೇ ಊಹಿಸಲು ಯಾರಿಂದ ಸಾಧ್ಯ?

ಹಾಳೆಗಳು ಒಪ್ಪುವ ರೀತಿಯಿಂದಲೇ ಫಲಿತಾಂಶದ ಹೆಸರುಗಳು ಹುಟ್ಟುತ್ತವೆ. ಮೂವರೂ ಒಬ್ಬನನ್ನೇ ಆರಿಸಿದರೆ ಯುನಾನಿಮಸ್ ಡಿಸಿಷನ್, ಸರ್ವಾನುಮತದ ತೀರ್ಪು. ಇಬ್ಬರು ಒಬ್ಬನ ಪರ, ಮೂರನೆಯವರು ಎದುರಾಳಿಯ ಪರ ಇದ್ದರೆ ಸ್ಪ್ಲಿಟ್ ಡಿಸಿಷನ್. ಇಬ್ಬರು ಒಬ್ಬನ ಪರ, ಮೂರನೆಯವರು ಸಮ ಎಂದರೆ ಮೆಜಾರಿಟಿ ಡಿಸಿಷನ್. ತಲಾ ಒಬ್ಬರ ಪರ ಒಂದೊಂದು ಹಾಳೆ, ಮೂರನೆಯದು ಸಮ ಬಂದರೆ ಸ್ಪ್ಲಿಟ್ ಡ್ರಾ. ಇಬ್ಬರು ಸಮ ಎಂದು, ಮೂರನೆಯವರು ಮಾತ್ರ ಒಬ್ಬನ ಪರ ನಿಂತರೆ ಮೆಜಾರಿಟಿ ಡ್ರಾ. ಬ್ರಿಟನ್‌ನ ಸಣ್ಣ ಪಂದ್ಯಗಳಲ್ಲಿ ಮೂವರು ತೀರ್ಪುಗಾರರೇ ಇರುವುದಿಲ್ಲ, ರೆಫರಿಯೊಬ್ಬನೇ ಅಂಕ ಬರೆಯುತ್ತಾನೆ. ‘ಪಾಯಿಂಟ್ಸ್ ಮೇಲೆ ಗೆಲುವು’ ಎಂದು ಅಲ್ಲಿ ಘೋಷಿಸುವುದು ಒಬ್ಬ ಮನುಷ್ಯನ ಅಭಿಪ್ರಾಯವನ್ನು. ಆಮೇಲೆ ಬದಲಾಗುವ ಫಲಿತಾಂಶಗಳೂ ಉಂಟು. 2024ರ ಏಪ್ರಿಲ್ 20ರಂದು ಬ್ರೂಕ್ಲಿನ್‌ನಲ್ಲಿ ರಯಾನ್ ಗಾರ್ಸಿಯಾ ಮೂರು ಬಾರಿ ಡೆವಿನ್ ಹೇನಿಯನ್ನು ಬೀಳಿಸಿ ಮೆಜಾರಿಟಿ ಡಿಸಿಷನ್ ಪಡೆದರು. ತೂಕದ ಮಿತಿಯನ್ನು ಅವರು ಮೂರು ಪೌಂಡ್‌ಗೂ ಹೆಚ್ಚು ಮೀರಿದ್ದರಿಂದ ಪಟ್ಟ ಅವರಿಗೆ ದಕ್ಕುವಂತಿರಲಿಲ್ಲ. ನಂತರ ನಿಷೇಧಿತ ಓಸ್ಟರಿನ್ ಪತ್ತೆಯಾಗಿ ಜೂನ್‌ನಲ್ಲಿ ಆ ಗೆಲುವು ನೋ ಕಾಂಟೆಸ್ಟ್ ಆಯಿತು, ಅಂದರೆ ಪಂದ್ಯವೇ ನಡೆದಿಲ್ಲವೆಂಬ ಲೆಕ್ಕ. ಬಹುಪಾಲು ಬುಕ್‌ಮೇಕರ್‌ಗಳ ಷರತ್ತಿನ ಪ್ರಕಾರ ಬಾಜಿಗೆ ಆ ರಾತ್ರಿಯ ಘೋಷಣೆಯೇ ಕೊನೆ. ನಿಷೇಧಿತ ಮದ್ದಿನ ಎದುರು ಕಾದಾಡಿದವನ ಪರ ಹಣ ಕಟ್ಟಿ ಸೋತವರಿಗೆ ದಾಖಲೆ ತಿದ್ದಿದ ಮಾತ್ರಕ್ಕೆ ಏನೂ ಮರಳುವುದಿಲ್ಲ.

ಬೀಳುವುದು ಎಂದರೇನು ಎಂಬುದೂ ನಿಯಮದ ವಿಷಯವೇ. ನ್ಯಾಯಬದ್ಧ ಗುದ್ದಿನಿಂದಾಗಿ ಪಾದ ಬಿಟ್ಟು ದೇಹದ ಯಾವ ಭಾಗ ನೆಲಕ್ಕೆ ತಾಗಿದರೂ ನಾಕ್‌ಡೌನ್. ಜಾರಿ ಬಿದ್ದರೆ ಅಲ್ಲ. ನೆಲಕ್ಕೆ ತಾಗದಿದ್ದರೂ ಹಗ್ಗವೊಂದೇ ಅವನನ್ನು ಎತ್ತಿ ಹಿಡಿದಿದೆ ಎಂದು ರೆಫರಿಗೆ ಅನ್ನಿಸಿದರೆ ಅದೂ ನಾಕ್‌ಡೌನ್. ಈ ಕೊನೆಯ ಮಾತು 2024ರ ಮೇ 18ರಂದು ರಿಯಾದ್‌ನಲ್ಲಿ ಹೆವಿವೇಟ್ ಚರಿತ್ರೆಯನ್ನೇ ನಿರ್ಧರಿಸಿತು. ಒಂಬತ್ತನೆಯ ಸುತ್ತಿನಲ್ಲಿ ಒಲೆಕ್ಸಾಂಡರ್ ಉಸಿಕ್ ಗುದ್ದಿದ ರಭಸಕ್ಕೆ ಟೈಸನ್ ಫ್ಯೂರಿ ಹಗ್ಗದಿಂದ ಹಗ್ಗಕ್ಕೆ ತೂರಾಡಿದರು. ರೆಫರಿ ಎಣಿಕೆ ಶುರು ಮಾಡಿದರು, ಸುತ್ತು 10–8 ಆಯಿತು. ಅಂತಿಮ ಹಾಳೆಗಳು ಉಸಿಕ್ ಪರ 115–112 ಮತ್ತು 114–113, ಫ್ಯೂರಿ ಪರ 114–113. ಆ ಒಂದು ಅಂಕ ಇರದಿದ್ದರೆ ಎರಡನೆಯ ಹಾಳೆ 114–114 ಆಗಿ ಪಂದ್ಯ ಡ್ರಾ ಆಗುತ್ತಿತ್ತು. ರೆಫರಿಯ ತೀರ್ಮಾನ ಸರಿಯಾಗಿಯೇ ಇತ್ತೆಂಬುದು ನನ್ನ ನಿಲುವು. ಅದು ಕ್ಷಣಾರ್ಧದ ತೀರ್ಮಾನವಾಗಿತ್ತು ಎಂಬುದೂ ಅಷ್ಟೇ ನಿಜ. ಎಣಿಕೆಯಲ್ಲೂ ಇಂಥ ಸೂಕ್ಷ್ಮಗಳಿವೆ. ಬೀಳಿಸಿದವನು ದೂರದ ತಟಸ್ಥ ಮೂಲೆಗೆ ಹೋಗುವವರೆಗೆ ಎಣಿಕೆ ಶುರುವಾಗುವಂತಿಲ್ಲ. 1927ರಲ್ಲಿ ಷಿಕಾಗೊದಲ್ಲಿ ಜೀನ್ ಟನಿಯನ್ನು ಬೀಳಿಸಿದ ಜ್ಯಾಕ್ ಡೆಂಪ್ಸಿ ಮೂಲೆಗೆ ಹೋಗಲು ತಡ ಮಾಡಿದರು, ಟನಿಗೆ ಹೆಚ್ಚುವರಿ ಸೆಕೆಂಡುಗಳು ಸಿಕ್ಕವು, ಎದ್ದು ಗೆದ್ದರು. ನೆಲದಲ್ಲಿರುವವನು ಲೆಕ್ಕಕ್ಕಿಡಬೇಕಾದ್ದು ರೆಫರಿಯ ಎಣಿಕೆಯನ್ನು, ಗೋಡೆಯ ಗಡಿಯಾರವನ್ನಲ್ಲ. 1990ರ ಫೆಬ್ರವರಿ 11ರಂದು ಟೋಕಿಯೊದಲ್ಲಿ ಬಸ್ಟರ್ ಡಗ್ಲಸ್ ಎಂಟನೆಯ ಸುತ್ತಿನಲ್ಲಿ ಬಿದ್ದು ರೆಫರಿಯ ಎಣಿಕೆ ಒಂಬತ್ತಾಗುವಷ್ಟರಲ್ಲಿ ಎದ್ದರು, ಹತ್ತನೆಯ ಸುತ್ತಿನಲ್ಲಿ ಮೈಕ್ ಟೈಸನ್‌ರನ್ನು ನಾಕೌಟ್ ಮಾಡಿದರು. ರೆಫರಿ ನಿಧಾನವಾಗಿ ಎಣಿಸಿದರೆಂದು ಟೈಸನ್ ಕಡೆಯವರು ದೂರಿದರು. ಡಬ್ಲ್ಯುಬಿಎ ಮತ್ತು ಡಬ್ಲ್ಯುಬಿಸಿ ಕೆಲವು ದಿನ ಫಲಿತಾಂಶವನ್ನು ಮಾನ್ಯ ಮಾಡದೆ ತಡೆಹಿಡಿದಿದ್ದವು. ಡಗ್ಲಸ್ ಪರ ಬೆಲೆ ಒಂದಕ್ಕೆ ನಲವತ್ತೆರಡು ಇತ್ತೆಂಬುದನ್ನು ಬಾಜಿಯ ಲೋಕ ಇಂದಿಗೂ ಹೆಮ್ಮೆಯಿಂದ ಹೇಳುತ್ತದೆ, ಆ ದಿನಗಳ ಅನಿಶ್ಚಿತತೆಯನ್ನು ಹೇಳುವುದಿಲ್ಲ.

ತೀರ್ಪುಗಾರರ ಗೊಡವೆಯೇ ಬೇಡ, ನಾಕೌಟ್ ಆಗುತ್ತದೆ ಎಂದು ಕಟ್ಟಿದರಾಯಿತು ಎನ್ನುವವರಿದ್ದಾರೆ. ಇದು ಮೇಲ್ನೋಟಕ್ಕೆ ಗಟ್ಟಿ ಆಕ್ಷೇಪ. ಹತ್ತು ಎಣಿಸಿದರೂ ಏಳದವನು ನಾಕೌಟ್ ಎನ್ನುವುದರಲ್ಲಿ ಯಾರಿಗೂ ಸಂದೇಹ ಇರುವುದಿಲ್ಲ. ಅಂಥ ಅಂತ್ಯಕ್ಕಿಂತ ಹೆಚ್ಚು ಕಾಣುವುದು ಟೆಕ್ನಿಕಲ್ ನಾಕೌಟ್: ಬಾಕ್ಸರ್ ಇನ್ನು ತನ್ನನ್ನು ಕಾಪಾಡಿಕೊಳ್ಳಲಾರ ಎಂದು ರೆಫರಿ ನಿಲ್ಲಿಸುವುದು, ಗಾಯ ನೋಡಿ ವೈದ್ಯರು ಬೇಡವೆನ್ನುವುದು, ಮೂಲೆಯವರು ಟವೆಲ್ ಎಸೆಯುವುದು. ಇವೆಲ್ಲ ಮನುಷ್ಯರ ತೀರ್ಮಾನಗಳೇ. 1990ರ ಮಾರ್ಚ್ 17ರಂದು ಲಾಸ್ ವೇಗಸ್‌ನಲ್ಲಿ ಮೆಲ್ಡ್ರಿಕ್ ಟೇಲರ್ ಮೂರರಲ್ಲಿ ಎರಡು ಹಾಳೆಗಳಲ್ಲಿ ಸ್ಪಷ್ಟವಾಗಿ ಮುಂದಿದ್ದರು. ಕೊನೆಯ ಸುತ್ತಿನ ಕೊನೆಯಲ್ಲಿ ಹೂಲಿಯೊ ಸೀಸರ್ ಚಾವೆಸ್ ಅವರನ್ನು ಬೀಳಿಸಿದರು. ಟೇಲರ್ ಎದ್ದರು. ರೆಫರಿ ರಿಚರ್ಡ್ ಸ್ಟೀಲ್ ಕೇಳಿದ್ದಕ್ಕೆ ಉತ್ತರಿಸದೆ ತಮ್ಮ ಮೂಲೆಯತ್ತ ನೋಡಿದರು. ಇನ್ನೆರಡು ಸೆಕೆಂಡ್ ಉಳಿದಿರುವಾಗ ಸ್ಟೀಲ್ ಪಂದ್ಯ ನಿಲ್ಲಿಸಿದರು. ಆ ಎರಡು ಸೆಕೆಂಡ್‌ಗಾಗಿ ಮೂರು ದಶಕ ಕಳೆದರೂ ವಾದ ನಡೆದಿದೆ. ಏಟು ತಿಂದ ತಲೆಯನ್ನು ಕಾಪಾಡುವುದು ರೆಫರಿಯ ಮೊದಲ ಕರ್ತವ್ಯ, ಗಡಿಯಾರ ನೋಡುವುದಲ್ಲ. ಆ ಕರ್ತವ್ಯವನ್ನು ಗೌರವಿಸುವವರು ಅದರ ಮೇಲೆ ಹಣ ಇಟ್ಟರೆ ಏನಾಗುತ್ತದೆಂದು ಯೋಚಿಸಬೇಕು: ಒಬ್ಬ ಯುವಕ ಇನ್ನೂ ಎರಡು ಸೆಕೆಂಡ್ ಏಟು ತಿನ್ನಲಿ ಎಂದು ಬಯಸುವ ಸ್ಥಿತಿಗೆ ಅವರು ಬರುತ್ತಾರೆ.

ನಿಯಮಭಂಗದ ಅಧ್ಯಾಯ ಬೇರೆಯೇ. ಸೊಂಟದ ಕೆಳಗೆ, ತಲೆಯ ಹಿಂಭಾಗಕ್ಕೆ, ಬಿದ್ದವನಿಗೆ ಹೊಡೆಯುವಂತಿಲ್ಲ. ತಲೆಯಿಂದ ಗುದ್ದುವಂತಿಲ್ಲ. ಸೊಂಟದ ಕೆಳಗೆ ಏಟು ಬಿದ್ದವನಿಗೆ ಐದು ನಿಮಿಷದವರೆಗೆ ಸುಧಾರಿಸಿಕೊಳ್ಳಲು ಅವಕಾಶವಿದೆ. ಉದ್ದೇಶಪೂರ್ವಕ ತಪ್ಪಿಗೆ ಅಂಕ ಕಡಿತ, ಮಿತಿಮೀರಿದರೆ ಅನರ್ಹತೆ. 1997ರ ಜೂನ್ 28ರಂದು ಹೋಲಿಫೀಲ್ಡ್ ಕಿವಿ ಕಚ್ಚಿ ಟೈಸನ್ ಮೂರನೆಯ ಸುತ್ತಿಗೇ ಅನರ್ಹರಾದರು. ಇದಕ್ಕಿಂತ ಹೆಚ್ಚು ಬಾರಿ ಎದುರಾಗುವುದು ಆಕಸ್ಮಿಕವಾಗಿ ತಲೆಗೆ ತಲೆ ಬಡಿದು ಹುಬ್ಬು ಸೀಳುವ ಪ್ರಸಂಗ. ಅಮೆರಿಕದ ಬಹುತೇಕ ಆಯೋಗಗಳು ಪಾಲಿಸುವ ನಿಯಮದಂತೆ ನಾಲ್ಕು ಸುತ್ತು ಪೂರ್ತಿಯಾಗುವ ಮೊದಲು ಅಂಥ ಗಾಯದಿಂದ ಪಂದ್ಯ ನಿಂತರೆ ಫಲಿತಾಂಶವಿಲ್ಲ. ನಾಲ್ಕರ ನಂತರ ನಿಂತರೆ ಅಲ್ಲಿಯವರೆಗಿನ ಹಾಳೆ ನೋಡಿ ತೀರ್ಪು ಕೊಡುತ್ತಾರೆ, ಅದಕ್ಕೆ ಟೆಕ್ನಿಕಲ್ ಡಿಸಿಷನ್ ಎಂದು ಹೆಸರು. ಅದೇ ಗಾಯ ಗುದ್ದಿನಿಂದ ಆಗಿದ್ದರೆ ಟೆಕ್ನಿಕಲ್ ನಾಕೌಟ್. ಗಾಯ ಆದದ್ದು ಗ್ಲೌಸ್‌ನಿಂದಲೋ ಹಣೆಯಿಂದಲೋ ಎಂದು ರೆಫರಿ ಹೇಳುವ ಒಂದು ಮಾತಿಗೆ ಮೂರು ಬೇರೆ ಬೇರೆ ಫಲಿತಾಂಶಗಳು ಜೋತುಬಿದ್ದಿರುತ್ತವೆ.

ಈಗ ಬಾಜಿಯ ಭಾಷೆ. ಒಂದೇ ಬೆಲೆಯನ್ನು ಮೂರು ರೀತಿಯಲ್ಲಿ ಬರೆಯುತ್ತಾರೆ. ಡೆಸಿಮಲ್‌ನಲ್ಲಿ 4.50 ಎಂದರೆ 100 ಕಟ್ಟಿ ಗೆದ್ದರೆ ಕಟ್ಟಿದ್ದೂ ಸೇರಿ 450 ಕೈಗೆ ಬರುತ್ತದೆ. ಬ್ರಿಟನ್‌ನಲ್ಲಿ ಅದು 7/2, ಅಮೆರಿಕದಲ್ಲಿ +350. ನೆಚ್ಚಿನವನ ಬೆಲೆ 1.20 ಇದ್ದರೆ ಅಮೆರಿಕದಲ್ಲಿ ಅದು –500, ಅಂದರೆ ನೂರು ಗಳಿಸಲು ಐದು ನೂರು ಕಟ್ಟಬೇಕು. ಬೆಲೆಯೊಳಗೆ ಒಂದು ಸಂಭವನೀಯತೆ ಅಡಗಿರುತ್ತದೆ, ನೂರನ್ನು ಆ ಬೆಲೆಯಿಂದ ಭಾಗಿಸಿದರೆ ಅದು ಸಿಗುತ್ತದೆ. 1.20ಕ್ಕೆ ಶೇ 83.3, 4.50ಕ್ಕೆ ಶೇ 22.2, ಡ್ರಾ ಬೆಲೆ 17 ಇದ್ದರೆ ಶೇ 5.9. ಮೂರನ್ನೂ ಕೂಡಿ ನೋಡಿ: ಶೇ 111.4. ನಡೆಯಬಹುದಾದ ಎಲ್ಲದರ ಮೊತ್ತ ನೂರೇ ಇರಬೇಕು. ಮೇಲಿನ 11.4 ಬುಕ್‌ಮೇಕರ್‌ನ ಪಾಲು. ಮೂರೂ ಫಲಿತಾಂಶಗಳ ಮೇಲೆ ಈ ಪ್ರಮಾಣದಲ್ಲಿ 111 ರೂಪಾಯಿ 40 ಪೈಸೆ ಕಟ್ಟಿದವನಿಗೆ ಯಾರು ಗೆದ್ದರೂ 100 ರೂಪಾಯಿ ಮಾತ್ರ ಮರಳುತ್ತದೆ. ಇದು ವಿವರಣೆಗೆ ತೆಗೆದುಕೊಂಡ ಬೆಲೆ. ಪಾಲು ಪಂದ್ಯದಿಂದ ಪಂದ್ಯಕ್ಕೆ ಹೆಚ್ಚುಕಡಿಮೆ ಆದೀತು, ಇಲ್ಲದೆ ಮಾತ್ರ ಇರದು. ಷರತ್ತುಗಳಲ್ಲೂ ಗಮನಿಸಬೇಕಾದ್ದು ಬಹಳಿದೆ. ಡ್ರಾ ಆದರೆ ಕೆಲವು ಬಾಜಿಗಳಲ್ಲಿ ಕಟ್ಟಿದ್ದು ಮರಳುತ್ತದೆ, ಕೆಲವುಗಳಲ್ಲಿ ಪೂರ್ತಿ ಹೋಗುತ್ತದೆ. ‘9.5 ಸುತ್ತಿಗಿಂತ ಹೆಚ್ಚು’ ಎಂದರೆ ಹತ್ತನೆಯ ಸುತ್ತಿನಲ್ಲಿ ಒಂದೂವರೆ ನಿಮಿಷ ದಾಟಬೇಕು. ವಿಶ್ರಾಂತಿಯ ನಂತರ ಬಾಕ್ಸರ್ ಸ್ಟೂಲ್‌ನಿಂದ ಏಳದಿದ್ದರೆ ಪಂದ್ಯ ಹಿಂದಿನ ಸುತ್ತಿನಲ್ಲಿ ಮುಗಿದಂತೆ ಲೆಕ್ಕ. 1975ರಲ್ಲಿ ಮನಿಲಾದಲ್ಲಿ ಜೋ ಫ್ರೇಜರ್ 15ನೇ ಸುತ್ತಿಗೆ ಹೋಗದಂತೆ ತರಬೇತುದಾರ ಎಡ್ಡಿ ಫಚ್ ತಡೆದಾಗ ಮಹಮ್ಮದ್ ಅಲಿಯ ಗೆಲುವು 14ನೇ ಸುತ್ತಿನದೆಂದು ದಾಖಲಾದದ್ದು ಹೀಗೆ.

ತಪ್ಪು ತೀರ್ಪುಗಳು ಅಪರೂಪ, ಹೆಚ್ಚಿನ ಪಂದ್ಯಗಳಲ್ಲಿ ಉತ್ತಮನೇ ಗೆಲ್ಲುತ್ತಾನೆ ಎಂಬ ಮಾತು ಬರುತ್ತದೆ. ಅದು ನಿಜ. ಉತ್ತಮ ಯಾರೆಂದು ಎಲ್ಲರಿಗೂ ಗೊತ್ತಿರುವ ಪಂದ್ಯದಲ್ಲಿ ಬೆಲೆಯೂ ಹಾಗೆಯೇ ಇರುತ್ತದೆ, 1.05ಕ್ಕೆ ನೂರು ಕಟ್ಟಿದರೆ ಸಿಗುವ ಲಾಭ ಐದು ರೂಪಾಯಿ. ಲಾಭ ಆಕರ್ಷಕವಾಗಿ ಕಾಣುವುದು ಇಬ್ಬರೂ ಸಮಬಲರಾದಾಗ. ತೀರ್ಪುಗಾರರು ಬೇರೆ ಬೇರೆ ದಿಕ್ಕಿಗೆ ನೋಡುವುದೂ ಆಗಲೇ. ಲಾಭ ಬಾಜಿ ಕಟ್ಟುವವನನ್ನು ಕರೆಯುವ ಜಾಗಕ್ಕೇ ಅನಿಶ್ಚಿತತೆ ಬಂದು ಕೂರುತ್ತದೆ. ಆಳವಾಗಿ ಅಧ್ಯಯನ ಮಾಡಿದರೆ ಬುಕ್‌ಮೇಕರ್‌ಗಿಂತ ಮುಂದೆ ಹೋಗಬಹುದಲ್ಲ ಎಂಬುದು ಎರಡನೆಯ ಮಾತು. ಬೆಲೆ ಕಟ್ಟುವವನೂ ಅದೇ ದಾಖಲೆಗಳನ್ನು ಓದಿರುತ್ತಾನೆ, ಅದರ ಮೇಲೆ ತನ್ನ ಪಾಲು ಹೇರಿರುತ್ತಾನೆ. ಕ್ರಿಕೆಟಿಗ ವರ್ಷಕ್ಕೆ ಹತ್ತಾರು ಬಾರಿ ಬ್ಯಾಟ್ ಹಿಡಿಯುತ್ತಾನೆ, ದೊಡ್ಡ ಬಾಕ್ಸರ್ ರಿಂಗ್‌ಗೆ ಇಳಿಯುವುದು ಒಂದೆರಡು ಬಾರಿ. ಅಷ್ಟು ಕಡಿಮೆ ಪುರಾವೆಯಿಂದ ಅವನ ಇಂದಿನ ಸ್ಥಿತಿ ಊಹಿಸುವುದು ಯಾರಿಗೂ ಕಷ್ಟ. ಇಷ್ಟಾಗಿಯೂ ಸತತವಾಗಿ ಗೆಲ್ಲುವವರ ಖಾತೆಗೆ ಮಿತಿ ಹೇರುವುದು ಬ್ರಿಟನ್‌ನ ಬುಕ್‌ಮೇಕರ್‌ಗಳಲ್ಲಿ ಬಳಕೆಯಲ್ಲಿರುವ ರೂಢಿ. ಸಿನಿಮಾ ಟಿಕೆಟ್‌ನಂತೆ ನೂರು ರೂಪಾಯಿ ಮನರಂಜನೆಗೆ ಕೊಟ್ಟರೆ ತಪ್ಪೇನು ಎಂಬುದು ಮೂರನೆಯದು. ಕಾನೂನು ಒಪ್ಪುವ ಊರಿನಲ್ಲಿ, ಮೊದಲೇ ಗೊತ್ತುಮಾಡಿದ ಮೊತ್ತವನ್ನು ಹೋಯಿತೆಂದೇ ತಿಳಿದು ಕಟ್ಟುವವರ ಜೊತೆ ನನಗೆ ಜಗಳವಿಲ್ಲ. ಆದರೆ ಸಿನಿಮಾ ಚೆನ್ನಾಗಿಲ್ಲವೆಂದು ಹೋದ ಹಣ ವಾಪಸ್ ತರಲು ಅದೇ ರಾತ್ರಿ ಇನ್ನೂ ಹತ್ತು ಟಿಕೆಟ್ ಕೊಳ್ಳುವವರನ್ನು ಯಾರೂ ಕಂಡಿಲ್ಲ. ಬಾಜಿಯಲ್ಲಿ ಅದು ದಿನನಿತ್ಯದ ಸಂಗತಿ.

ಆಟದ ಪ್ರಾಮಾಣಿಕತೆಯ ಪ್ರಶ್ನೆಯೂ ಇದೆ. 1947ರಲ್ಲಿ ಬಿಲ್ಲಿ ಫಾಕ್ಸ್ ಎದುರು ಬೇಕೆಂದೇ ಸೋತೆನೆಂದು ಜೇಕ್ ಲಾಮೊಟ್ಟಾ 1960ರಲ್ಲಿ ಅಮೆರಿಕದ ಸೆನೆಟ್ ಉಪಸಮಿತಿಯ ಮುಂದೆ ಒಪ್ಪಿಕೊಂಡರು. 1988ರ ಸೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ರಾಯ್ ಜೋನ್ಸ್ ಆತಿಥೇಯ ದೇಶದ ಪಾರ್ಕ್ ಸಿ-ಹನ್ ಎದುರು 3–2ರಲ್ಲಿ ಸೋತದ್ದನ್ನು ಜಗತ್ತು ನಂಬಲಿಲ್ಲ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ತೀರ್ಪುಗಳನ್ನು ತಿರುಚುವ ವ್ಯವಸ್ಥೆ ಇತ್ತೆಂದು 2021ರ ಮೆಕ್‌ಲಾರೆನ್ ವರದಿ ಹೇಳಿತು. ಅಂತರರಾಷ್ಟ್ರೀಯ ಬಾಕ್ಸಿಂಗ್ ಸಂಸ್ಥೆಯ ಮಾನ್ಯತೆಯನ್ನು ಒಲಿಂಪಿಕ್ ಸಮಿತಿ 2023ರಲ್ಲಿ ಹಿಂತೆಗೆದುಕೊಂಡಿತು. ಬಹುಪಾಲು ಬಾಕ್ಸರ್‌ಗಳು, ತೀರ್ಪುಗಾರರು ಪ್ರಾಮಾಣಿಕರೇ. ಅವರ ಬೆವರಿಗೆ ಬೆಲೆ ಕೊಡುವವರು ಈ ಕಳಂಕದ ಬಗ್ಗೆ ಸುಮ್ಮನಿರಬಾರದು ಎಂಬ ಕಾರಣಕ್ಕೇ ಇದನ್ನು ಹೇಳಬೇಕಾಗಿದೆ.

ಇನ್ನು ಕಾನೂನು. ಕರ್ನಾಟಕದಲ್ಲಿ ಕುದುರೆ ಪಂದ್ಯದ ಬಾಜಿಗೆ ಇರುವ ವಿನಾಯಿತಿ ಬಾಕ್ಸಿಂಗ್‌ಗೆ ಇಲ್ಲ. ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣ ಕಟ್ಟಿಸುವ ಆನ್‌ಲೈನ್ ಆಟಗಳನ್ನು, ಅವು ಕೌಶಲದ್ದಾಗಲಿ ಅದೃಷ್ಟದ್ದಾಗಲಿ, ನಿಷೇಧಿಸುತ್ತದೆ. ಅಂಥ ಸೇವೆ ಕೊಡುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡುವವರಿಗೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಮೊಬೈಲ್‌ನಲ್ಲಿ ತೆರೆದುಕೊಳ್ಳುವ ವಿದೇಶಿ ಆ್ಯಪ್ ಗೆದ್ದ ಹಣ ಕೊಡದಿದ್ದರೆ ಇಲ್ಲಿ ದೂರಲು ದಾರಿಯಿಲ್ಲ. ಲಂಡನ್ನಿನಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಕನ್ನಡಿಗರ ಮಾತು ಬೇರೆ, ಅಲ್ಲಿ ಪರವಾನಗಿ ಪಡೆದ ಸಂಸ್ಥೆಗಳಿವೆ. ಅವರು ಕನಿಷ್ಠಪಕ್ಷ ಡ್ರಾ, ನೋ ಕಾಂಟೆಸ್ಟ್, ಟೆಕ್ನಿಕಲ್ ಡಿಸಿಷನ್ ಬಂದಾಗ ಹಣ ಏನಾಗುತ್ತದೆಂಬ ಷರತ್ತುಗಳನ್ನು ಓದದೆ ಮುಂದುವರಿಯಬಾರದು. ಬ್ರಿಟನ್‌ನಲ್ಲಿ ಗ್ಯಾಮ್‌ಸ್ಟಾಪ್‌ನಲ್ಲಿ ಹೆಸರು ನೋಂದಾಯಿಸಿದರೆ ಪರವಾನಗಿ ಇರುವ ಆನ್‌ಲೈನ್ ತಾಣಗಳೆಲ್ಲ ಅವರನ್ನು ಹೊರಗಿಡುತ್ತವೆ. ಉಳಿದವರಿಗೆ ನನ್ನ ಕೋರಿಕೆ ಒಂದೇ. ಮುಂದಿನ ದೊಡ್ಡ ಪಂದ್ಯಕ್ಕೆ ಕಾಗದ, ಪೆನ್ನು ಹಿಡಿದು ಕೂತು, ವೀಕ್ಷಕ ವಿವರಣೆಯ ಧ್ವನಿ ನಿಲ್ಲಿಸಿ, ಪ್ರತಿ ಸುತ್ತಿಗೂ ನೀವೇ ಅಂಕ ಬರೆಯಿರಿ. ಕೊನೆಗೆ ಮೂವರು ತೀರ್ಪುಗಾರರ ಹಾಳೆಯ ಜೊತೆ ಹೋಲಿಸಿ ಎಷ್ಟು ಸುತ್ತು ಹೊಂದಿದವು, ಎಷ್ಟು ಹೊಂದಲಿಲ್ಲ ಎಂದು ನೋಡಿ. ಮನೆಯಲ್ಲಿ ಯಾರಾದರೂ ಬಾಜಿಯ ಚಟಕ್ಕೆ ಬಿದ್ದಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿ ನಡೆಯುವ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆಗೆ ಶುಲ್ಕವಿಲ್ಲ, ಕನ್ನಡದಲ್ಲೇ ಮಾತನಾಡಬಹುದು.